ಹಾಡು ನೂರು, ಚಹರೆ ಒಂದೇ: ಬೆಂಗಳೂರಿನ ಎಫ್‌ಎಂ ವಾಹಿನಿಗಳ ಗುರುತಿನ ಪ್ರಶ್ನೆ

ಬೆಂಗಳೂರಿನಲ್ಲಿ ಎಫ್‌ಎಂ ರೇಡಿಯೊದ ಮುಳ್ಳನ್ನು 91ರಿಂದ 104ರವರೆಗೆ ನಿಧಾನವಾಗಿ ಸರಿಸುತ್ತ ಹೋದರೆ ಹತ್ತರಷ್ಟು ವಾಹಿನಿಗಳು ಎದುರಾಗುತ್ತವೆ. ಒಂದರಲ್ಲಿ ಹೊಸ ಚಿತ್ರದ ಹಾಡು ಮುಗಿಯುತ್ತಿದ್ದರೆ ಇನ್ನೊಂದರಲ್ಲಿ ಅದೇ ಹಾಡು ಆಗತಾನೆ ಆರಂಭವಾಗಿರುತ್ತದೆ. ಒಂದರಲ್ಲಿ ನಿರೂಪಕ ದೂರವಾಣಿಯಲ್ಲಿ ಯಾರನ್ನೋ ಗೋಳು ಹೊಯ್ದುಕೊಳ್ಳುತ್ತಿದ್ದರೆ ಮತ್ತೊಂದರಲ್ಲಿ ನಿರೂಪಕಿ ಸಿಲ್ಕ್ ಬೋರ್ಡ್ ಬಳಿಯ ವಾಹನ ದಟ್ಟಣೆಯ ಸಮಾಚಾರ ಹೇಳುತ್ತಿರುತ್ತಾಳೆ. ನಡುವೆ ವಾಹಿನಿಯ ಹೆಸರು ಕೂಗುವ ತುಣುಕು ಸಂಗೀತ ಬಾರದೇ ಹೋದರೆ ತಾನು ಕೇಳುತ್ತಿರುವುದು ಯಾವ ವಾಹಿನಿ ಎಂದು ಖಚಿತವಾಗಿ ಹೇಳಲು ಹಳೆಯ ಕೇಳುಗನಿಗೂ ಕಷ್ಟ.

ಇದು ಕೇಳುಗರ ಕಿವಿಯ ದೋಷವಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ಹುಟ್ಟಿದ ಈ ನಗರದಲ್ಲಿ ವಾಹಿನಿಯೊಂದು ಯಾವ ಹಾಡು ಹಾಕಬೇಕು, ಯಾವ ಭಾಷೆಯಲ್ಲಿ ಮಾತನಾಡಬೇಕು, ಯಾರನ್ನು ತನ್ನ ಕೇಳುಗ ಎಂದು ಭಾವಿಸಬೇಕು ಎಂಬ ಪ್ರಶ್ನೆಗಳು 2001ರಿಂದಲೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ಸರ್ಕಾರದ ಶುಲ್ಕ, ಜಾಹೀರಾತಿನ ಲೆಕ್ಕ, ಸುದ್ದಿ ಪ್ರಸಾರದ ಮೇಲಿನ ನಿರ್ಬಂಧ ಮತ್ತು ನಗರದ ಭಾಷಾ ಸ್ವರೂಪ ಇವೆಲ್ಲವೂ ಸೇರಿ ವಾಹಿನಿಗಳನ್ನು ಒಂದೇ ಅಚ್ಚಿಗೆ ತಳ್ಳಿವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಆ ಪಟ್ಟಿಯಲ್ಲಿ ಕರ್ನಾಟಕದ ಊರುಗಳೂ ಇವೆ. ಹೀಗಾಗಿ ಬೆಂಗಳೂರಿನ ಅನುಭವವನ್ನು ಅರಿಯುವುದು ಇತರ ಊರುಗಳ ಕೇಳುಗರಿಗೂ ಅಗತ್ಯವಾಗಿದೆ.

ಸಂಗೀತದ ಸ್ವರೂಪ ಎಂದರೇನು?

ಬಾನುಲಿ ಉದ್ಯಮದಲ್ಲಿ ‘ಫಾರ್ಮ್ಯಾಟ್’ ಎಂಬ ಪದ ಪದೇಪದೇ ಕೇಳಿಬರುತ್ತದೆ. ಸರಳವಾಗಿ ಹೇಳುವುದಾದರೆ, ವಾಹಿನಿಯು ಯಾವ ಬಗೆಯ ಹಾಡನ್ನು, ಯಾವ ಹೊತ್ತಿನಲ್ಲಿ, ಎಷ್ಟು ಬಾರಿ, ಯಾವ ಧಾಟಿಯ ಮಾತಿನೊಂದಿಗೆ ಪ್ರಸಾರ ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ಕಟ್ಟುಪಾಡು ಇದು. ಹಳೆಯ ಹಾಡುಗಳಿಗೇ ಮೀಸಲಾದ ವಾಹಿನಿ, ಹೊಸ ಚಿತ್ರಗೀತೆಗಳ ವಾಹಿನಿ, ಶಾಸ್ತ್ರೀಯ ಸಂಗೀತದ ವಾಹಿನಿ, ಮಾತಿಗೇ ಪ್ರಾಧಾನ್ಯ ನೀಡುವ ವಾಹಿನಿ ಹೀಗೆ ಸ್ವರೂಪಗಳು ಹಲವು.

ಈ ಪರಿಕಲ್ಪನೆಯ ಬೇರು ಅಮೆರಿಕದಲ್ಲಿದೆ. 1950ರ ದಶಕದ ಆರಂಭದಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಬಾನುಲಿ ನಿಲ್ದಾಣ ನಡೆಸುತ್ತಿದ್ದ ಟಾಡ್ ಸ್ಟಾರ್ಜ್ ಎಂಬಾತ ಪಾನಗೃಹವೊಂದರಲ್ಲಿ ಕುಳಿತು ಗ್ರಾಹಕರ ವರ್ತನೆಯನ್ನು ಗಮನಿಸಿದನೆಂಬ ಕಥೆ ಉದ್ಯಮದಲ್ಲಿ ಪ್ರಚಲಿತವಾಗಿದೆ. ನಾಣ್ಯ ಹಾಕಿದರೆ ಬೇಕಾದ ಹಾಡು ನುಡಿಸುವ ಯಂತ್ರ ಅಲ್ಲಿತ್ತು. ನೂರಾರು ಹಾಡುಗಳಿದ್ದರೂ ಜನ ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ಆರಿಸುತ್ತಿದ್ದರು. ದಿನವಿಡೀ ಅವನ್ನೇ ಕೇಳಿದ್ದ ಪರಿಚಾರಿಕೆ ಕೂಡ ಕೆಲಸ ಮುಗಿದ ಮೇಲೆ ತನ್ನ ಕಾಸು ಹಾಕಿ ಅದೇ ಹಾಡನ್ನು ಕೇಳಿದಳಂತೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಜನಪ್ರಿಯ ಹಾಡುಗಳ ಚಿಕ್ಕ ಪಟ್ಟಿಯನ್ನು ಪದೇಪದೇ ನುಡಿಸುವ ‘ಟಾಪ್ 40’ ಪದ್ಧತಿಯನ್ನು ಬೆಳೆಸಿದವರಲ್ಲಿ ಸ್ಟಾರ್ಜ್ ಪ್ರಮುಖ. ಇಂದು ಲೋಕದ ಬಹುತೇಕ ವಾಣಿಜ್ಯ ವಾಹಿನಿಗಳು ಇದೇ ತತ್ತ್ವದ ಮೇಲೆ ನಿಂತಿವೆ.

ಈ ಪದ್ಧತಿಯಲ್ಲಿ ನಿರೂಪಕ ತನಗೆ ಇಷ್ಟವಾದ ಹಾಡು ಹಾಕುತ್ತಾನೆ ಎಂಬ ಕಲ್ಪನೆಗೆ ಆಸ್ಪದ ಕಡಿಮೆ. ಪ್ರತಿ ಗಂಟೆಯನ್ನೂ ಗಡಿಯಾರದ ಮುಖದಂತೆ ಭಾಗ ಮಾಡಿ, ಎಲ್ಲಿ ಹಾಡು, ಎಲ್ಲಿ ಜಾಹೀರಾತು, ಎಲ್ಲಿ ಮಾತು ಎಂದು ಮೊದಲೇ ನಿಗದಿ ಮಾಡಲಾಗುತ್ತದೆ. ಹಾಡುಗಳನ್ನು ತೀರಾ ಹೊಸವು, ಇತ್ತೀಚಿನವು, ಹಳೆಯ ಜನಪ್ರಿಯವು ಎಂದು ವಿಂಗಡಿಸಿ ಗಣಕಯಂತ್ರದ ತಂತ್ರಾಂಶಕ್ಕೆ ಉಣಿಸಲಾಗುತ್ತದೆ. ಯಾವ ಹಾಡಿನ ನಂತರ ಯಾವುದು, ಒಂದೇ ಗಾಯಕನ ಎರಡು ಹಾಡುಗಳ ನಡುವೆ ಎಷ್ಟು ಅಂತರ ಎಂಬುದನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಹಾಡಿನ ಕೆಲವೇ ಕ್ಷಣಗಳ ಆಕರ್ಷಕ ತುಣುಕನ್ನು ಕೇಳುಗರಿಗೆ ಕೇಳಿಸಿ, ಇಷ್ಟವೋ, ಬೇಸರವೋ ಎಂದು ವಿಚಾರಿಸುವ ಪರೀಕ್ಷೆಗಳೂ ನಡೆಯುತ್ತವೆ.

ಸಮಸ್ಯೆಯ ಒಂದು ಎಳೆ ಇಲ್ಲೇ ಇದೆ. ಇಂತಹ ಪರೀಕ್ಷೆಯಲ್ಲಿ ಗೆಲ್ಲುವುದು ಬಹುಪಾಲು ಯಾರಿಗೂ ಬೇಡವಾಗದ ಹಾಡು. ಕೆಲವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿ ಉಳಿದವರು ಮೂಗು ಮುರಿಯುವ ಹಾಡಿಗೆ ಅಲ್ಲಿ ಸ್ಥಾನವಿಲ್ಲ. ಎಲ್ಲ ವಾಹಿನಿಗಳೂ ಒಂದೇ ಬಗೆಯ ಕೇಳುಗರನ್ನು ಒಂದೇ ಬಗೆಯಲ್ಲಿ ಪರೀಕ್ಷಿಸಿದರೆ ಎಲ್ಲರ ಕೈಗೂ ಒಂದೇ ಪಟ್ಟಿ ಸಿಗುತ್ತದೆ.

ಕನ್ನಡ ನೆಲದ ಬಾನುಲಿ ಪರಂಪರೆ

ವಾಹಿನಿಗೊಂದು ಗುರುತು ಬೇಕು ಎಂಬ ಅರಿವು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಚಿಕ್ಕ ಪ್ರಸಾರ ಕೇಂದ್ರವೊಂದನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಅದು ಮೈಸೂರು ಸಂಸ್ಥಾನದ ಕೈಸೇರಿತು. ಸ್ವಾತಂತ್ರ್ಯಾನಂತರ ಅದೇ ಹೆಸರು ಇಡೀ ದೇಶದ ಸರ್ಕಾರಿ ಬಾನುಲಿಯ ಹೆಸರಾಯಿತು. ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದದ್ದು 1955ರಲ್ಲಿ.

ಆಕಾಶವಾಣಿಯ ಬೆಳಗಿನ ಮುದ್ರಾಸಂಗೀತವನ್ನು ನೆನಪಿಸಿಕೊಂಡರೆ ಗುರುತು ಎಂಬುದರ ಬಲ ತಿಳಿಯುತ್ತದೆ. 1930ರ ದಶಕದಲ್ಲಿ ಮುಂಬೈ ಕೇಂದ್ರದಲ್ಲಿದ್ದ ವಾಲ್ಟರ್ ಕಾಫ್‌ಮನ್ ಅವರ ರಚನೆ ಎನ್ನಲಾದ ಆ ಸಂಗೀತವನ್ನು ಕೇಳಿದೊಡನೆ ಅನೇಕ ತಲೆಮಾರುಗಳ ಮನೆಗಳಲ್ಲಿ ದಿನ ಆರಂಭವಾಗುತ್ತಿತ್ತು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

ಆದರೆ ಗುರುತು ಸ್ಪಷ್ಟವಾಗಿದ್ದ ಮಾತ್ರಕ್ಕೆ ಕೇಳುಗರು ಉಳಿಯುತ್ತಾರೆಂಬ ಭರವಸೆಯೂ ಇಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಕಟ್ಟಾ ಪಕ್ಷಪಾತಿಗಳಾಗಿದ್ದರು. ಅವರ ಕಾಲದಲ್ಲಿ ಚಲನಚಿತ್ರ ಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರು ರೇಡಿಯೊ ಸಿಲೋನ್‌ನತ್ತ ಮುಖ ಮಾಡಿದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ದೇಶದ ಮನೆಮಾತಾಯಿತು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಕೇಳುಗರಿಗೆ ಏನು ಬೇಕು ಎಂಬುದನ್ನು ಕಡೆಗಣಿಸಿ ತಾನು ಯಾರೆಂದು ನಿರ್ಧರಿಸಿಕೊಂಡ ಬಾನುಲಿಗೆ ಅಂದು ಪಾಠವಾಯಿತು. ಸುಮಾರು ಅರ್ಧ ಶತಮಾನದ ಬಳಿಕ ಬಂದ ಖಾಸಗಿ ವಾಹಿನಿಗಳು ಎದುರಿಸಿದ್ದು ಇದಕ್ಕೆ ತಿರುವುಮುರುವಾದ ಸಂಕಷ್ಟವನ್ನು.

2001: ಮೊದಲ ಖಾಸಗಿ ವಾಹಿನಿ, ಮೂರು ಭಾಷೆ

ಖಾಸಗಿ ಬಾನುಲಿಗೆ ದಾರಿ ತೆರೆದದ್ದು ನ್ಯಾಯಾಲಯ. ಬಂಗಾಳ ಕ್ರಿಕೆಟ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ನೀಡಿದ ತೀರ್ಪಿನಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಸಾರಿತು. ನಂತರ ಸರ್ಕಾರ 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಟ್ಟಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ‘ರೇಡಿಯೊ ಸಿಟಿ’ ಪ್ರಸಾರ ಆರಂಭಿಸಿ ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ಎನಿಸಿತು.

ಈ ವಾಹಿನಿಯಲ್ಲಿ ಇಂಗ್ಲಿಷ್, ಹಿಂದಿ, ಕನ್ನಡ ಮೂರೂ ಭಾಷೆಗಳ ಹಾಡುಗಳಿದ್ದವು. ನಗರದಲ್ಲಿ ಬೇರೆ ಖಾಸಗಿ ವಾಹಿನಿ ಇರಲಿಲ್ಲ. ಮಾಹಿತಿ ತಂತ್ರಜ್ಞಾನದ ಉಬ್ಬರದಿಂದ ಊರಿಗೆ ಊರೇ ಬದಲಾಗುತ್ತಿದ್ದ ಕಾಲ. ಹೊರರಾಜ್ಯಗಳಿಂದ ಬಂದ ಯುವ ಉದ್ಯೋಗಿ, ದಂಡು ಪ್ರದೇಶದ ಇಂಗ್ಲಿಷ್ ಸಂಗೀತಪ್ರಿಯ, ಬಸವನಗುಡಿಯ ಗೃಹಿಣಿ, ಆಟೋ ಚಾಲಕ ಎಲ್ಲರೂ ಒಂದೇ ವಾಹಿನಿಯ ಕೇಳುಗರು. ಎಲ್ಲರಿಗೂ ಒಂದಿಷ್ಟು ಬಡಿಸಬೇಕೆಂಬ ಹೋಟೆಲ್ ಮಾಲೀಕನ ನೀತಿ ಅಲ್ಲಿ ಅನಿವಾರ್ಯವಾಗಿತ್ತು.

ಇದರ ಹಿಂದೆ ಶುಲ್ಕದ ಒತ್ತಡವೂ ಇತ್ತು. ಮೊದಲ ಹಂತದ ನಿಯಮದಂತೆ ಹರಾಜಿನಲ್ಲಿ ಕೂಗಿದ ಮೊತ್ತವನ್ನು ಪ್ರತಿವರ್ಷ ಪರವಾನಗಿ ಶುಲ್ಕವಾಗಿ ಕಟ್ಟಬೇಕಿತ್ತು, ಅದೂ ವರ್ಷ ವರ್ಷ ಶೇ 15ರಷ್ಟು ಏರುತ್ತ ಹೋಗುತ್ತಿತ್ತು. ಆದಾಯ ಬಂದರೂ ಬಾರದಿದ್ದರೂ ಶುಲ್ಕ ತಪ್ಪದು. ಹೀಗಾಗಿ ತರಂಗಾಂತರ ಪಡೆದ ಅನೇಕರು ಪ್ರಸಾರ ಆರಂಭಿಸಲೇ ಇಲ್ಲ. 108ರಲ್ಲಿ ಉಳಿದು ನಡೆದವು 20ರ ಆಸುಪಾಸಿನಷ್ಟು ವಾಹಿನಿಗಳು ಮಾತ್ರ. ಇಂತಹ ಸ್ಥಿತಿಯಲ್ಲಿ ಒಂದು ಚಿಕ್ಕ ವರ್ಗದ ಅಭಿರುಚಿಗೆ ಅಂಟಿಕೊಂಡು ನಿಲ್ಲುವ ಧೈರ್ಯ ಯಾವ ಉದ್ಯಮಿಗೂ ಬರುವುದು ಕಷ್ಟ. ಎಲ್ಲರನ್ನೂ ಹಿಡಿಯಹೋದ ಬಾನುಲಿ ಯಾರದೂ ಆಗದೆ ಉಳಿಯುವ ಅಪಾಯ ಆಗಲೇ ಆರಂಭವಾಗಿತ್ತು.

2006: ಸ್ಪರ್ಧೆ ಬಂತು, ಕನ್ನಡ ಬಂತು

2005ರ ಜುಲೈನಲ್ಲಿ ಬಂದ ಎರಡನೆಯ ಹಂತದ ನೀತಿ ಲೆಕ್ಕವನ್ನು ಬದಲಿಸಿತು. ಒಮ್ಮೆ ಮಾತ್ರ ಕಟ್ಟುವ ಪ್ರವೇಶ ಶುಲ್ಕ ಮತ್ತು ಬಳಿಕ ಒಟ್ಟು ಆದಾಯದ ಶೇ 4ರ ಪಾಲು ಎಂಬ ಪದ್ಧತಿ ಜಾರಿಗೆ ಬಂತು. 91 ನಗರಗಳಲ್ಲಿ 338 ತರಂಗಾಂತರಗಳು ಹರಾಜಿಗೆ ಬಂದವು. ರಾಜ್ಯದಲ್ಲಿ ಬೆಂಗಳೂರಿನ ಜೊತೆಗೆ ಮೈಸೂರು, ಮಂಗಳೂರು, ಕಲಬುರಗಿಗಳಿಗೂ ಖಾಸಗಿ ಎಫ್‌ಎಂ ಬಂತು. ಬೆಂಗಳೂರಿನಲ್ಲಿ 2006 ಮತ್ತು 2007ರಲ್ಲಿ ರೇಡಿಯೊ ಮಿರ್ಚಿ, ಬಿಗ್ ಎಫ್‌ಎಂ, ರೇಡಿಯೊ ಒನ್, ಇಂಡಿಗೊ, ಎಸ್ ಎಫ್‌ಎಂ, ಫೀವರ್ ಒಂದರ ಹಿಂದೊಂದು ಬಂದಿಳಿದವು.

ಒಂದಿದ್ದದ್ದು ಏಳಾದಾಗ ಪ್ರತಿಯೊಂದಕ್ಕೂ ತನ್ನದೇ ಮುಖ ಬೇಕಾಯಿತು. ಇಂಡಿಗೊ 91.9ರಲ್ಲಿ ಪಾಶ್ಚಾತ್ಯ ಸಂಗೀತವನ್ನೇ ನೆಚ್ಚಿಕೊಂಡಿತು. ಮಿರ್ಚಿ ದೇಶದಾದ್ಯಂತ ಬಳಸುತ್ತಿದ್ದ ಘೋಷವಾಕ್ಯವನ್ನು ಬೆಂಗಳೂರಿಗಾಗಿ ‘ಸಖತ್ ಹಾಟ್ ಮಗಾ’ ಎಂದು ಮಾಡಿಕೊಂಡಿತು. ಪಠ್ಯಪುಸ್ತಕದ ಕನ್ನಡವನ್ನು ಬಿಟ್ಟು ಗಲ್ಲಿಯ ಹುಡುಗರ ಕನ್ನಡಕ್ಕೆ ಕೈಹಾಕಿದ ಆ 3 ಪದಗಳು ವಾಹಿನಿ ಯಾರೊಡನೆ ಮಾತನಾಡಬಯಸಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿದವು. ಭಾಷಾಶುದ್ಧಿಯ ದೃಷ್ಟಿಯಿಂದ ಆಕ್ಷೇಪಿಸಿದವರೂ ಇದ್ದರು. ಆದರೆ ಗುರುತಿನ ದೃಷ್ಟಿಯಿಂದ ಅದೊಂದು ದಿಟ್ಟ ಆಯ್ಕೆಯಾಗಿತ್ತು.

ಇದೇ ಹೊತ್ತಿಗೆ, 2006ರ ಡಿಸೆಂಬರ್ ಕಡೆಯಲ್ಲಿ ‘ಮುಂಗಾರು ಮಳೆ’ ತೆರೆಗೆ ಬಂತು. ಮನೋಮೂರ್ತಿ ಸಂಗೀತದ ಆ ಚಿತ್ರದ ಹಾಡುಗಳು ಹೊಸ ವಾಹಿನಿಗಳಿಗೆ ವರದಾನವಾದವು, ವಾಹಿನಿಗಳು ಆ ಹಾಡುಗಳಿಗೆ ವರದಾನವಾದವು. ಕನ್ನಡ ಚಿತ್ರಗೀತೆಗೆ ನಗರದ ಯುವ ಕೇಳುಗರಿಲ್ಲ ಎಂಬ ಜಾಹೀರಾತು ವಲಯದ ನಂಬಿಕೆ ಅಲ್ಲಿಂದ ಸಡಿಲವಾಗತೊಡಗಿತು. ಕನ್ನಡ ನಾಡಿನ ಬಾನುಲಿಯಲ್ಲಿ ಕನ್ನಡ ಕೇಳಿಸಬೇಕೆಂಬ ಕನ್ನಡಪರ ದನಿಗಳ ಆಗ್ರಹವೂ ಇದಕ್ಕೆ ಜೊತೆಯಾಯಿತು. ಮೂರು ಭಾಷೆಗಳಲ್ಲಿ ಆರಂಭವಾಗಿದ್ದ ರೇಡಿಯೊ ಸಿಟಿ ಸೇರಿದಂತೆ ಪ್ರಮುಖ ವಾಹಿನಿಗಳು ನಂತರದ ವರ್ಷಗಳಲ್ಲಿ ಕನ್ನಡಕ್ಕೆ ಹೊರಳಿದವು.

ಭಾಷೆಯ ಪ್ರಶ್ನೆ ಇದರಿಂದ ಬಹುಮಟ್ಟಿಗೆ ಬಗೆಹರಿಯಿತು. ಆದರೆ ಗುರುತಿನ ಪ್ರಶ್ನೆ ಬಗೆಹರಿಯಲಿಲ್ಲ. ಕನ್ನಡದ ಹಾಡು ಹಾಕುವುದೇ ಒಂದು ವೈಶಿಷ್ಟ್ಯವಾಗಿದ್ದ ಕಾಲ ಹೋಗಿ, ಹಲವು ವಾಹಿನಿಗಳು ಅದೇ ಕನ್ನಡ ಹಾಡನ್ನು ಹಾಕತೊಡಗಿದಾಗ ಆ ವೈಶಿಷ್ಟ್ಯ ಕರಗಿತು. ವರ್ಷವೊಂದರಲ್ಲಿ ಗೆಲ್ಲುವ ಕನ್ನಡ ಚಿತ್ರಗೀತೆಗಳ ಸಂಖ್ಯೆ ಸೀಮಿತ. ಭಾವಗೀತೆ, ಜನಪದ, ರಂಗಗೀತೆ, ವಚನ, ದಾಸರ ಪದ ಎಂಬ ವಿಶಾಲ ಭಂಡಾರ ಕನ್ನಡಕ್ಕೆ ಇದ್ದರೂ ವಾಣಿಜ್ಯ ವಾಹಿನಿಗಳು ಅದನ್ನು ಹಬ್ಬ, ಜಯಂತಿಗಳ ನೆಪದಲ್ಲಿ ಮಾತ್ರ ತಡಕಿದವು.

ಸುದ್ದಿ ಇಲ್ಲದ ಬಾನುಲಿ

ಪತ್ರಿಕೆಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಅವುಗಳ ಸುದ್ದಿ ಮತ್ತು ನಿಲುವು. ಖಾಸಗಿ ಬಾನುಲಿಗೆ ಈ ದಾರಿಯೇ ಮುಚ್ಚಿದೆ. ಮೊದಲ ಎರಡು ಹಂತಗಳಲ್ಲಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಪ್ರಸಾರಕ್ಕೆ ಅನುಮತಿಯೇ ಇರಲಿಲ್ಲ. 2011ರ ಮೂರನೆಯ ಹಂತದ ನೀತಿಯು ಆಕಾಶವಾಣಿಯ ವಾರ್ತೆಯನ್ನು ಯಾವ ಬದಲಾವಣೆಯೂ ಇಲ್ಲದೆ ಮರುಪ್ರಸಾರ ಮಾಡಲು ಅವಕಾಶ ನೀಡಿತು. ಸಂಚಾರ, ಹವಾಮಾನ, ಕ್ರೀಡೆ, ಪರೀಕ್ಷಾ ಫಲಿತಾಂಶ, ಉದ್ಯೋಗಾವಕಾಶ, ನೀರು ಹಾಗೂ ವಿದ್ಯುತ್ ವ್ಯತ್ಯಯದ ಪ್ರಕಟಣೆ ಮುಂತಾದವನ್ನು ಸುದ್ದಿಯಲ್ಲದ ಮಾಹಿತಿ ಎಂದು ಪರಿಗಣಿಸಿ ಸಮ್ಮತಿಸಿತು. ಗಂಟೆಗೆ 10 ನಿಮಿಷಕ್ಕೆ ಸೀಮಿತವಾಗಿ ಸುದ್ದಿ ಪ್ರಸಾರಕ್ಕೆ ಅನುಮತಿ ನೀಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು.

ಈ ನಿರ್ಬಂಧದ ಪರಿಣಾಮ ಸ್ಪಷ್ಟ. ರಸ್ತೆಯಲ್ಲಿ ಗುಂಡಿ ಬಿದ್ದು ವಾಹನಗಳು ನಿಂತಿವೆ ಎಂದು ನಿರೂಪಕ ಹೇಳಬಹುದು. ಗುಂಡಿ ಮುಚ್ಚಲು ಮಂಜೂರಾದ ಹಣ ಎಲ್ಲಿ ಹೋಯಿತು ಎಂದು ಪಾಲಿಕೆಯನ್ನು ಪ್ರಶ್ನಿಸುವ ವರದಿಯನ್ನು ವಾಹಿನಿ ತಾನೇ ಮಾಡುವಂತಿಲ್ಲ. ಊರಿನ ಬದುಕಿನೊಳಗೆ ಇಳಿಯುವ ಬಾಗಿಲು ಅರ್ಧ ತೆರೆದಿರುವಾಗ ವಾಹಿನಿಗೆ ಉಳಿಯುವುದು ಹಾಡು, ಹಾಸ್ಯ, ಸ್ಪರ್ಧೆ ಮತ್ತು ಚಿತ್ರತಾರೆಯರ ಸಂದರ್ಶನ. ಎಲ್ಲರ ಬಳಿಯೂ ಇರುವ ಸಾಮಗ್ರಿ ಇವಿಷ್ಟೇ ಆದ್ದರಿಂದ ಅಡುಗೆಯೂ ಒಂದೇ ರುಚಿಯದಾಗುತ್ತದೆ.

ಜಾಹೀರಾತು ಮತ್ತು ದಿನಚರಿಯ ಲೆಕ್ಕ

ಖಾಸಗಿ ವಾಹಿನಿಗೆ ಕೇಳುಗ ಹಣ ಕೊಡುವುದಿಲ್ಲ. ಜಾಹೀರಾತುದಾರ ಕೊಡುತ್ತಾನೆ. ಅವನಿಗೆ ಬೇಕಾದದ್ದು ಸಂಖ್ಯೆ. 2007ರಿಂದ ಬೆಂಗಳೂರು ಸೇರಿದಂತೆ ಕೆಲವು ಮಹಾನಗರಗಳಲ್ಲಿ ಆಯ್ದ ಕೇಳುಗರಿಗೆ ದಿನಚರಿ ಪುಸ್ತಕ ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ವಾಹಿನಿ ಕೇಳಿದಿರಿ ಎಂದು ಬರೆಸುವ ಪದ್ಧತಿ ಬಂತು. ಈ ವಿಧಾನಕ್ಕೆ ಒಂದು ಸಹಜ ಮಿತಿಯಿದೆ. ಕೇಳುಗ ನೆನಪಿನಿಂದ ಬರೆಯಬೇಕು. ಹಾಡಿನಿಂದ ವಾಹಿನಿಯನ್ನು ಗುರುತಿಸಲಾಗದ ಕೇಳುಗ ತನಗೆ ನೆನಪಿರುವ ಹೆಸರನ್ನು ಬರೆಯುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ವಾಹಿನಿಗಳು ಸಂಗೀತದಲ್ಲಿ ಭಿನ್ನವಾಗುವುದಕ್ಕಿಂತ ಹೆಸರನ್ನು ಹೆಚ್ಚು ಬಾರಿ, ಹೆಚ್ಚು ಜೋರಾಗಿ ಕೂಗುವುದಕ್ಕೆ ಮನಸ್ಸು ಮಾಡುತ್ತವೆ. ಪ್ರತಿ ಎರಡು ಹಾಡಿನ ನಡುವೆ ವಾಹಿನಿಯ ಹೆಸರು, ಸಂಖ್ಯೆ ಕೇಳಿಬರುವುದರ ಹಿಂದಿನ ಗುಟ್ಟು ಇದೇ.

ಹಾಡಿನ ಹಕ್ಕುಸ್ವಾಮ್ಯದ ವೆಚ್ಚವೂ ಆಯ್ಕೆಯ ಮೇಲೆ ಪ್ರಭಾವ ಬೀರಿದೆ. ಹಾಡು ನುಡಿಸಿದ ಗಂಟೆಗಳ ಲೆಕ್ಕದಲ್ಲಿ ಗೌರವಧನ ತೆರಬೇಕಾಗಿದ್ದ ಕಾಲದಲ್ಲಿ ವಾಹಿನಿಗಳಿಗೂ ಸಂಗೀತ ಸಂಸ್ಥೆಗಳಿಗೂ ದೀರ್ಘ ಜಟಾಪಟಿ ನಡೆಯಿತು. 2010ರ ಆಗಸ್ಟ್‌ನಲ್ಲಿ ಹಕ್ಕುಸ್ವಾಮ್ಯ ಮಂಡಳಿಯು ನಿವ್ವಳ ಜಾಹೀರಾತು ಆದಾಯದ ಶೇ 2ರಷ್ಟನ್ನು ಗೌರವಧನವಾಗಿ ನಿಗದಿಪಡಿಸಿದಾಗ ವಾಹಿನಿಗಳು ನಿಟ್ಟುಸಿರು ಬಿಟ್ಟವು. ಖರ್ಚು ಇಳಿದರೆ ಪ್ರಯೋಗಕ್ಕೆ ಅವಕಾಶ ಹೆಚ್ಚಬೇಕಿತ್ತು. ಆದರೂ ಸುರಕ್ಷಿತ ಹಾಡಿನ ಮೇಲಿನ ಅವಲಂಬನೆ ಕಡಿಮೆಯಾಗಲಿಲ್ಲ.

ಗುರುತು ಬದಲಿಸಿದರೆ ಏನಾಗುತ್ತದೆ?

ಸ್ಪರ್ಧೆಯಲ್ಲಿ ಹಿಂದುಳಿದ ವಾಹಿನಿಯ ಮೊದಲ ಚಿಕಿತ್ಸೆ ಎಂದರೆ ಸ್ವರೂಪ ಬದಲಾವಣೆ. ಹಿಂದಿಯಿಂದ ಕನ್ನಡಕ್ಕೆ, ಹೊಸ ಹಾಡಿನಿಂದ ಹಳೆಯ ಹಾಡಿಗೆ, ಹೆಸರಿನಿಂದ ಹೆಸರಿಗೆ. ಬೆಂಗಳೂರಿನಲ್ಲಿ ಎಸ್ ಎಫ್‌ಎಂ ಎಂದು ಆರಂಭವಾದ 93.5 ಕೆಲವೇ ವರ್ಷಗಳಲ್ಲಿ ರೆಡ್ ಎಫ್‌ಎಂ ಆದದ್ದು ಇಂತಹ ಮರುನಾಮಕರಣಕ್ಕೆ ನಿದರ್ಶನ. ಈ ಚಿಕಿತ್ಸೆ ಸದಾ ಫಲಿಸುವುದಿಲ್ಲ ಎಂಬುದಕ್ಕೆ ಬಾನುಲಿ ಜಗತ್ತು ಹೆಚ್ಚಾಗಿ ಉದಾಹರಿಸುವ ಪ್ರಕರಣ ನ್ಯೂಯಾರ್ಕ್ ನಗರದ್ದು.

ಅಲ್ಲಿನ 101.1ರ ಸಿಬಿಎಸ್ ಎಫ್‌ಎಂ 1972ರಿಂದ ಹಳೆಯ ಜನಪ್ರಿಯ ಗೀತೆಗಳ ವಾಹಿನಿಯಾಗಿ ಹೆಸರುವಾಸಿಯಾಗಿತ್ತು. 2005ರ ಜೂನ್ 3ರ ಸಂಜೆ ಮುನ್ಸೂಚನೆ ಇಲ್ಲದೆ ಆ ಸ್ವರೂಪ ನಿಂತುಹೋಗಿ ‘ಜ್ಯಾಕ್’ ಎಂಬ ಹೊಸ ಅವತಾರ ಕೇಳಿಬಂತು. ಅದರಲ್ಲಿ ನಿರೂಪಕರಿರಲಿಲ್ಲ. ಹಲವು ದಶಕಗಳ, ಹಲವು ಬಗೆಯ ಹಾಡುಗಳನ್ನು ಬೆರೆಸಿ, ತಮಗೆ ತೋಚಿದ್ದನ್ನು ನುಡಿಸುತ್ತೇವೆ ಎಂಬುದೇ ಅದರ ಘೋಷಣೆ. ಬೇರೆ ಕೆಲವು ನಗರಗಳಲ್ಲಿ ಈ ಮಿಶ್ರಣ ನಡೆದಿತ್ತು. ನ್ಯೂಯಾರ್ಕಿನಲ್ಲಿ ಕೇಳುಗರು ಕೆರಳಿದರು, ಕೇಳುಗರ ಸಂಖ್ಯೆ ಕುಸಿಯಿತು. 2007ರ ಜುಲೈ 12ರಂದು ಹಳೆಯ ಹೆಸರು, ಹಳೆಯ ನಿರೂಪಕರಲ್ಲಿ ಕೆಲವರು ಮತ್ತು ತುಸು ಪರಿಷ್ಕೃತ ಸಂಗೀತದೊಡನೆ ಸಿಬಿಎಸ್ ಎಫ್‌ಎಂ ಮರಳಿತು. ಬಳಿಕ ನಗರದ ಮುಂಚೂಣಿಯ ವಾಹಿನಿಗಳಲ್ಲಿ ಒಂದಾಯಿತು.

ಕೇಳುಗರು ಕಳೆದುಕೊಂಡದ್ದು ಹಾಡುಗಳನ್ನಷ್ಟೇ ಆಗಿದ್ದರೆ ತಟ್ಟೆಗಳನ್ನು ಕೊಂಡು ಕೇಳಬಹುದಿತ್ತು. ಅವರು ಕಳೆದುಕೊಂಡದ್ದು ಪರಿಚಿತ ದನಿ, ಊರಿನ ಮಾತು ಮತ್ತು ಈ ವಾಹಿನಿ ತಮ್ಮದು ಎಂಬ ಭಾವ. ಹಾಡಿನ ಪಟ್ಟಿಯನ್ನು ರಾತ್ರೋರಾತ್ರಿ ಬದಲಿಸಬಹುದು, ಒಡನಾಟವನ್ನು ಹಾಗೆ ಬದಲಿಸಲಾಗದು ಎಂಬುದು ಆ 2 ವರ್ಷಗಳ ಪಾಠ.

ಒಂದೇ ಒಡೆತನ, ಎರಡು ಮುಖ

ಮೂರನೆಯ ಹಂತದ ನೀತಿ ಬೆಂಗಳೂರಿನ ವಾಹಿನಿಗಳ ಗುರುತಿಗೆ ಹೊಸ ತಿರುವು ಕೊಟ್ಟಿತು. ನಗರದ ಒಟ್ಟು ವಾಹಿನಿಗಳಲ್ಲಿ ಶೇ 40ನ್ನು ಮೀರದಂತೆ ಒಂದೇ ಸಂಸ್ಥೆ ಒಂದಕ್ಕಿಂತ ಹೆಚ್ಚು ವಾಹಿನಿ ಹೊಂದಲು ಅವಕಾಶ ಸಿಕ್ಕಿತು. 2015ರ ಹರಾಜಿನ ಬಳಿಕ ಮಿರ್ಚಿ ಸಂಸ್ಥೆ 98.3ರ ಕನ್ನಡ ವಾಹಿನಿಯ ಜೊತೆಗೆ 95ರಲ್ಲಿ ಹಿಂದಿ ವಾಹಿನಿಯನ್ನೂ ನಡೆಸತೊಡಗಿತು. ಒಂದೇ ವಾಹಿನಿಯಲ್ಲಿ ಎಲ್ಲರನ್ನೂ ಸಂಭಾಳಿಸುವ ಬದಲು ಇಬ್ಬರಿಗೆ ಎರಡು ಎಂಬ ಈ ಏರ್ಪಾಡು ತಾತ್ತ್ವಿಕವಾಗಿ ಸ್ಪಷ್ಟತೆಯ ಕಡೆಗಿನ ಹೆಜ್ಜೆಯೇ ಸರಿ.

ಆದರೆ ಅದೇ ನೀತಿ ಸಂಸ್ಥೆಯೊಂದು ತನ್ನ ಜಾಲದ ಕಾರ್ಯಕ್ರಮಗಳನ್ನು ದೇಶದ ಯಾವುದೇ ಊರಿನ ತನ್ನ ವಾಹಿನಿಯಲ್ಲಿ ಪ್ರಸಾರ ಮಾಡಲೂ ಅನುವು ಮಾಡಿತು. ಖರ್ಚು ಉಳಿಸುವ ದೃಷ್ಟಿಯಿಂದ ಇದು ಅನುಕೂಲಕರ. ಸ್ಥಳೀಯತೆಯ ದೃಷ್ಟಿಯಿಂದ ಅಷ್ಟೇ ಅಪಾಯಕರ. ಬೇರೊಂದು ಮಹಾನಗರದಲ್ಲಿ ಧ್ವನಿಮುದ್ರಿತವಾದ ರಾತ್ರಿ ಕಾರ್ಯಕ್ರಮಕ್ಕೆ ಕಲಬುರಗಿಯ ಬಿಸಿಲಾಗಲೀ ಮಂಗಳೂರಿನ ಮಳೆಯಾಗಲೀ ತಿಳಿದಿರುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ದಿನನಿತ್ಯ ಕಿವಿಗೆ ಬೀಳುವ ಮಂಗಳೂರಿನಂತಹ ಊರಿನಲ್ಲಿ ಚಿತ್ರಗೀತೆಯ ಪಟ್ಟಿಯೊಂದೇ ವಾಹಿನಿಯ ಗುರುತಾಗಲು ಸಾಲದು.

ತಾವು ಯಾರೆಂದು ಬಲ್ಲ ವಾಹಿನಿಗಳು

ಗುರುತಿನ ಗೊಂದಲವಿಲ್ಲದ ಬಾನುಲಿಗಳೂ ಕರ್ನಾಟಕದಲ್ಲಿ ಹುಟ್ಟಿವೆ. ಬೆಂಗಳೂರು ಆಕಾಶವಾಣಿ 100.1ರಲ್ಲಿ ಆರಂಭಿಸಿದ ‘ಅಮೃತವರ್ಷಿಣಿ’ ಶಾಸ್ತ್ರೀಯ ಸಂಗೀತಕ್ಕೆಂದೇ ಮೀಸಲಾದದ್ದು. ಮಳೆ ತರಿಸುವುದೆಂಬ ಪ್ರತೀತಿಯಿರುವ ರಾಗದ ಹೆಸರನ್ನೇ ಇಟ್ಟುಕೊಂಡ ವಾಹಿನಿಯನ್ನು ಕೇಳಲು ಬಂದವನಿಗೆ ಅಲ್ಲಿ ಏನು ಸಿಗುತ್ತದೆಂಬ ಅನುಮಾನವೇ ಇರಲಿಲ್ಲ. ಕೇಳುಗರ ಸಂಖ್ಯೆ ಚಿಕ್ಕದಾದರೂ ಅವರ ನಿಷ್ಠೆ ದೊಡ್ಡದು.

ಇನ್ನೊಂದು ನಿದರ್ಶನ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’. 2000ದ ದಶಕದ ಆರಂಭದಲ್ಲಿ ಸಮುದಾಯಗಳಿಗೆ ತರಂಗಾಂತರ ನೀಡುವ ನೀತಿಯೇ ಇರಲಿಲ್ಲ. ಆದ್ದರಿಂದ ಗ್ರಾಮಸ್ಥರು ತಾವು ತಯಾರಿಸಿದ ಕಾರ್ಯಕ್ರಮಗಳನ್ನು ಧ್ವನಿವರ್ಧಕದ ಮೂಲಕ, ಬಳಿಕ ಟಿವಿ ಕೇಬಲ್ ಮೂಲಕ ಮನೆಮನೆಗೆ ತಲುಪಿಸಿದರು. ಕುಡಿಯುವ ನೀರು, ಬೇಸಾಯ, ಸ್ವಸಹಾಯ ಗುಂಪಿನ ಉಳಿತಾಯ, ಊರಿನ ಹೆಂಗಸರ ಹಾಡು ಇವೇ ಅದರ ಸಾಮಗ್ರಿ. 2006ರಲ್ಲಿ ಸಮುದಾಯ ಬಾನುಲಿ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ತರಂಗಾಂತರವೇ ಇಲ್ಲದ ‘ನಮ್ಮ ಧ್ವನಿ’ಗೆ ಗುರುತಿತ್ತು, ಕೋಟಿಗಳ ಮೊತ್ತ ತೆತ್ತು ತರಂಗಾಂತರ ಪಡೆದವರು ಗುರುತಿಗಾಗಿ ತಡಕಾಡಿದರು. ಈ ವ್ಯತ್ಯಾಸ ಯೋಚನೆಗೆ ಹಚ್ಚುವಂಥದ್ದು.

ಮುಂದೇನು?

ಹಾಡು ಕೇಳಲು ರೇಡಿಯೊವೇ ಬೇಕೆಂಬ ಕಾಲ ಮುಗಿದಿದೆ. ಬೇಕಾದ ಹಾಡು, ಬೇಕಾದ ಹೊತ್ತಿನಲ್ಲಿ, ಜಾಹೀರಾತಿನ ಕಾಟವಿಲ್ಲದೆ ಮೊಬೈಲ್ ಫೋನಿನಲ್ಲೇ ಸಿಗುತ್ತದೆ. ಎಲ್ಲರಿಗೂ ಒಪ್ಪುವ ಹಾಡಿನ ಪಟ್ಟಿ ತಯಾರಿಸುವ ಕೆಲಸದಲ್ಲಿ ಬಾನುಲಿ ಯಂತ್ರದೊಡನೆ ಸೆಣಸಿ ಗೆಲ್ಲಲಾರದು. ಮಳೆಗೆ ಅಂಡರ್‌ಪಾಸ್ ತುಂಬಿದಾಗ ಯಾವ ದಾರಿ ಹಿಡಿಯಬೇಕೆಂದು ಹೇಳುವುದು, ಬಡಾವಣೆಯ ಹೊಸ ಗಾಯಕಿಯನ್ನು ಪರಿಚಯಿಸುವುದು, ರಾತ್ರಿ ಪಾಳಿಯ ಕಾವಲುಗಾರನಿಗೆ ಜೊತೆಯಾಗುವುದು ಇವುಗಳನ್ನು ಊರು ಬಲ್ಲ ದನಿಯೊಂದು ಮಾತ್ರ ಮಾಡಬಲ್ಲದು.

ಬೆಂಗಳೂರಿನಲ್ಲಿ ಈ ಕೆಲಸ ಸುಲಭವಲ್ಲ ನಿಜ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರ ಪ್ರಮಾಣ ಇಲ್ಲಿ ಅರ್ಧಕ್ಕಿಂತ ಕಡಿಮೆ. ಆದರೆ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಅಸಂಖ್ಯರು ಬೀದಿಯಲ್ಲಿ ಕನ್ನಡ ಆಡುತ್ತಾರೆ, ಕನ್ನಡದ ಹಾಡು ಗುನುಗುತ್ತಾರೆ. ಜನಗಣತಿಯ ಅಂಕಣಗಳಲ್ಲಿ ಹಂಚಿಹೋದ ಈ ಕೇಳುಗರನ್ನು ಒಟ್ಟಿಗೆ ಕೂರಿಸುವ ಶಕ್ತಿ ಕನ್ನಡದ ವಾಹಿನಿಗೆ ಇದೆ ಎಂಬುದನ್ನು 2006ರ ನಂತರದ ವರ್ಷಗಳೇ ತೋರಿಸಿಕೊಟ್ಟಿವೆ.

ಹೊಸ ಹರಾಜಿನಿಂದ ರಾಜ್ಯದ ಇನ್ನಷ್ಟು ಊರುಗಳಿಗೆ ಖಾಸಗಿ ಎಫ್‌ಎಂ ತಲುಪಿದಾಗ ಅಲ್ಲಿನ ಕೇಳುಗರು ವಾಹಿನಿಯನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇಲ್ಲಿ ಮಾತನಾಡುವವರು ಈ ಊರಿನವರೇ? ದಿನದ ಎಷ್ಟು ಹೊತ್ತು ಕಾರ್ಯಕ್ರಮ ಇಲ್ಲೇ ತಯಾರಾಗುತ್ತದೆ? ಪಕ್ಕದ ವಾಹಿನಿಯಲ್ಲಿ ಸಿಗದ ಯಾವ ಹಾಡು ಇಲ್ಲಿ ಸಿಗುತ್ತದೆ? ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿರುವಾಗ ಇವನ್ನು ಕೇಳುವುದು ಕೇಳುಗರ ಔದಾರ್ಯವಲ್ಲ, ಹಕ್ಕು. ಬೆಂಗಳೂರಿನ ವಾಹಿನಿಗಳು ಹಲವು ವರ್ಷ ಅಲೆದು ಕಂಡುಕೊಂಡ ಉತ್ತರವನ್ನು ಹೊಸ ಊರುಗಳು ಮೊದಲ ದಿನವೇ ಕೇಳಿ ಪಡೆಯಬಹುದು.